ಅರೆತಿ ಸೇರಿಸಿದ ಹದಿಮೂರು ದಿನ

"ನನ್ನ ಲೈಬ್ರರಿಗೆ ಕೈ ಹಾಕಿದ್ದು ನೀವೇನಾ?"

ಅರೆತಿ ಅವನ ಮೇಜಿನ ಮುಂದೆ ನಿಂತಿದ್ದಳು. ಸ್ತ್ರಾತೋಸ್ ಬಾಯಲ್ಲಿದ್ದ ಎಳ್ಳಿನ ಕುಲೂರಿ ಬ್ರೆಡ್ಡನ್ನು ಕಷ್ಟಪಟ್ಟು ನುಂಗಿದ. ಅವನು ಕಂಪನಿ ಸೇರಿ ಆರು ತಿಂಗಳಾದರೂ ಅವಳು ಅವನೊಡನೆ ಆಡಿದ ಮೊದಲ ಮಾತು ಅದು... ಅದೂ ಜಗಳದ ಮಾತು!

"ಹೌದು. ತಿಳಿಸಿ ಮೆಸೇಜ್ ಕಳಿಸಿದ್ದೆ."

"ದಿನಕ್ಕೆ ನೂರು ಮೆಸೇಜ್ ಬರುತ್ತೆ. ನಾಲ್ಕು ಹೆಜ್ಜೆ ಬಂದು ಹೇಳಿದ್ರೆ ಕಾಲು ಸವೆದುಹೋಗ್ತಿತ್ತಾ?"

ಅವನ ಕಿವಿ ಕೆಂಪಾಯಿತು. ಅದನ್ನು ಕಂಡು ಅವಳಿಗೇಕೋ ಮುಂದಿನ ಬೈಗುಳ ಮರೆತೇಹೋಯಿತು.

ಅದು ಹಬ್ಬದ ದಿನಗಳನ್ನು ಲೆಕ್ಕ ಹಾಕುವ ಕೋಡ್ ಲೈಬ್ರರಿ. ಅರೆತಿ ಒಂದೇ ಕಡೆ ಬರೆದಿಟ್ಟಿದ್ದಳು; ಕಂಪನಿಯ ಐದೂ ವೆಬ್‌ಸೈಟ್‌ಗಳು ಅದನ್ನೇ ಬಳಸುತ್ತಿದ್ದವು. ಈ ಸಲ ಈಸ್ಟರ್ ತಡ. ಏಪ್ರಿಲ್ ಇಪ್ಪತ್ಮೂರರ ಸಂತ ಯೋರ್ಗೋಸ್ ಹಬ್ಬ ಈಸ್ಟರಿಗೆ ಮುಂಚಿನ ಉಪವಾಸದ ನಡುವೆ ಬಿದ್ದರೆ ಈಸ್ಟರಿನ ಮರುದಿನಕ್ಕೆ, ಅಂದರೆ ಈ ಸಲ ಮೇ ಆರಕ್ಕೆ ಹೋಗಬೇಕು. ಲೈಬ್ರರಿಗೆ ಅದು ಗೊತ್ತಿರಲಿಲ್ಲ. ಹೂವಿನಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವ ಸ್ತ್ರಾತೋಸ್ ಅದನ್ನು ಸರಿಪಡಿಸಿದ್ದ, ಅಷ್ಟೇ.

ಆದರೆ ಬೆಳಿಗ್ಗೆಯಿಂದ ಅರೆತಿ ನೋಡಿಕೊಳ್ಳುವ ಸಿಹಿತಿಂಡಿ ಅಂಗಡಿಯ ವೆಬ್‌ಸೈಟ್ ಹಬ್ಬದ ಕೇಕು ಮೇ ಹತ್ತೊಂಬತ್ತಕ್ಕೆ ಸಿಗುತ್ತದೆ ಎನ್ನುತ್ತಿತ್ತು. ಸಂತನ ಹೆಸರಿಟ್ಟುಕೊಂಡವರಿಗೆಲ್ಲ ಅದು ಹುಟ್ಟುಹಬ್ಬದಂಥ ದಿನ; ಥೆಸಲೊನೀಕಿ ನಗರದ ಯೋರ್ಗೋಸ್‌ಗಳೆಲ್ಲ ಅಲ್ಲಿಯವರೆಗೆ ಬಾಯಿ ಚಪ್ಪರಿಸುತ್ತಾ ಕೂರಬೇಕೇ?

ಕಂಪನಿಯ ಯಜಮಾನಿ ಲುಕಿಯಾ ಬಂದವರೇ ಗದರಿದರು. "ಸಾಕು ಈ ಹಂಚಿಕೊಳ್ಳೋ ಆಟ. ನಾಳೆಯಿಂದ ಅವರವರ ಕೋಡ್ ಅವರವರಿಗೆ. ಲೈಬ್ರರಿ ತೆಗೆದುಹಾಕಿ."

ಅದು ಅರೆತಿಯ ಎರಡು ವರ್ಷದ ಶ್ರಮ!

ಸ್ತ್ರಾತೋಸ್ ಎದ್ದು ನಿಂತ. "ಲೈಬ್ರರಿ ಚೆನ್ನಾಗಿದೆ ಮೇಡಂ. ಸರಿಯಾಗಿ ಪರೀಕ್ಷೆ ಮಾಡದೆ ಬದಲಾಯಿಸಿದ್ದು ನಾನು."

"ಹಾಗಾದ್ರೆ ಸೋಮವಾರದಿಂದ ನೀನು ಅಥೆನ್ಸ್ ಆಫೀಸಿಗೆ ಹೊರಡು. ಲೈಬ್ರರಿ ವಿಷಯ ಸಂಜೆ ನೋಡೋಣ."

'ಆಗಲಿ, ಬುದ್ಧಿ ಬರುತ್ತೆ' ಎಂದುಕೊಳ್ಳುತ್ತಾ ಅರೆತಿ ಸಿಹಿತಿಂಡಿ ಅಂಗಡಿಯ ಕೋಡ್ ತೆರೆದಳು.

ಹೋದ ತಿಂಗಳು ಅವಸರದಲ್ಲಿ ತಾನೇ ಬರೆದ ಸಾಲು ಅಲ್ಲಿತ್ತು: ಯೋರ್ಗೋಸ್ ಹಬ್ಬಕ್ಕೆ ಹದಿಮೂರು ದಿನ ಸೇರಿಸು. ಲೈಬ್ರರಿಯಲ್ಲಿ ಸರಿಪಡಿಸುವ ಬದಲು ತನ್ನ ಅಂಗಡಿಗೆ ಮಾತ್ರ ತೇಪೆ ಹಾಕಿಕೊಂಡು, ಮರೆತುಬಿಟ್ಟಿದ್ದಳು. ಈಗ ಸ್ತ್ರಾತೋಸ್ ಲೈಬ್ರರಿಯಲ್ಲೂ ಸರಿಪಡಿಸಿದ್ದರಿಂದ ಹಬ್ಬ ಎರಡು ಸಲ ಮುಂದೆ ಹೋಗಿತ್ತು.

ಅವಳು ನೇರವಾಗಿ ಲುಕಿಯಾರ ಕೋಣೆಗೆ ಹೋದಳು.

"ತಪ್ಪು ನನ್ನದು ಮೇಡಂ. ಹಂಚಿಕೊಂಡಿದ್ದಕ್ಕೆ ಕೆಟ್ಟಿಲ್ಲ, ನಾನು ಹಂಚಿಕೊಳ್ಳದೇ ಇದ್ದಿದ್ದಕ್ಕೆ ಕೆಟ್ಟಿತು. ಸ್ತ್ರಾತೋಸ್ ಒಂದು ಕಡೆ ಸರಿ ಮಾಡಿದ್ದಕ್ಕೆ ಉಳಿದ ನಾಲ್ಕೂ ಸರಿಯಾಗಿವೆ. ಅಥೆನ್ಸ್‌ಗೆ ಕಳಿಸೋದಾದ್ರೆ ನನ್ನ ಕಳಿಸಿ."

ಲುಕಿಯಾ ಅವಳನ್ನು ದುರುಗುಟ್ಟಿ ನೋಡಿದರು. "ಯಾರೂ ಎಲ್ಲಿಗೂ ಹೋಗಬೇಡಿ. ಆ ಸಾಲು ಅಳಿಸು. ಲೈಬ್ರರಿ ಇರಲಿ."

ಸ್ತ್ರಾತೋಸ್ ಬಾಲ್ಕನಿಯಲ್ಲಿ ಒಬ್ಬನೇ ಕಾಫಿ ಕಲಕುತ್ತಿದ್ದ. ಅರೆತಿ ಅವನ ಬಳಿ ಬಂದಳು.

"ನನ್ನ ಹದಿಮೂರು ದಿನದ ಸಾಲು ನಿಮಗೆ ಗೊತ್ತಿತ್ತಾ?"

"ಬೆಳಿಗ್ಗೇನೇ ನೋಡ್ದೆ."

"ಮತ್ತೆ ಯಾಕೆ ಬೈಸಿಕೊಂಡ್ರಿ?"

"ನನ್ನ ತಪ್ಪು ಅಂದ್ರೆ ನಿಮ್ಮ ಲೈಬ್ರರಿ ಉಳಿಯುತ್ತೆ ಅನ್ನಿಸ್ತು." ಅವನು ತಡವರಿಸಿದ. "ಅದರೊಳಗೆ ನೀವು ಬರೆದಿಟ್ಟ ಟಿಪ್ಪಣಿ ಓದೇ ನಾನು ಈ ಕೆಲಸ ಕಲಿತಿದ್ದು. 'ಇಲ್ಲಿ ಹುಷಾರು, ನಾನು ಎರಡು ದಿನ ಅತ್ತಿದ್ದೀನಿ' ಅಂತ ಬರೆದಿದ್ದೀರಲ್ಲ... ಅದನ್ನ ಓದಿದ ದಿನದಿಂದ ನೀವಂದ್ರೆ ನನಗೆ ತುಂಬಾ ಇಷ್ಟ. ಮೇಜಿನವರೆಗೆ ಬಂದು ಹೇಳೋಕೆ ಧೈರ್ಯ ಸಾಲಲಿಲ್ಲ."

ಅರೆತಿಗೆ ನಗುವೂ ಬಂತು, ಅಳುವೂ ಬಂತು. 'ಎಂಥ ಪೆದ್ದ... ಎಷ್ಟು ಒಳ್ಳೆಯವನು.'

"ನಿಮಗೆ?" ಅವನು ಮೆಲ್ಲನೆ ಕೇಳಿದ.

"ಇಷ್ಟ ಇಲ್ದಿದ್ರೆ ಇಲ್ಲಿ ನಿಂತು ಅಳ್ತಿದ್ನಾ?"

"ಅಳ್ತಿದ್ದೀರಾ?"

"ಪ್ರಶ್ನೆ ಸಾಕು. ಕೈ ಹಿಡ್ಕೊಳ್ಳಿ."