ಬಿಗಿದ ಬಾಗಿಲು

ಮಳೆಗೆ ಮರ ಉಬ್ಬಿದ್ದರೆ ಬಾಗಿಲು ಸುತ್ತಲೂ ಹಿಡಿಯಬೇಕಿತ್ತಲ್ಲ, ಮೇಲಿನ ಒಂದೇ ಮೂಲೆ ಯಾಕೆ? ಈ ಪ್ರಶ್ನೆಯನ್ನು ಬಡಗಿ ಹೋದ ವಾರವೂ ನುಂಗಿಕೊಂಡಿದ್ದ. ಆ ಮೂಲೆ ಬಿಗಿದಾಗಲೆಲ್ಲ ಗುಡ್ಡದ ಬುಡದ ಮನೆಯ ಟೈಲರ್ ಹುಡುಗಿ ಅವನಿಗೆ ಫೋನ್ ಮಾಡುತ್ತಿದ್ದಳು. ಅವನಿಗೆ ಅಷ್ಟು ಸಾಕಿತ್ತು.

ಇವತ್ತು ಅವಳೂ ಅವಳಮ್ಮನೂ ಒಳಗೇ ಸಿಕ್ಕಿಬಿದ್ದಿದ್ದರು. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಅವನು ಭುಜ ಕೊಟ್ಟು ಬಾಗಿಲು ನೂಕಿ ಒಳಗೆ ಬಂದದ್ದೇ ತಡ, ಗಾಳಿಗೆ ಅದು ಧಡಾರನೆ ಮುಚ್ಚಿ ಮತ್ತೆ ಬಿಗಿಯಿತು.

"ಈಗ ಮೂರು ಜನ ಆದ್ವಿ," ಎಂದಳು ಅವಳು. "ಬಿಡಿಸೋಕೆ ಬಂದೋರ ಗತಿಯೇ ಹೀಗಾದ್ರೆ..."

"ಪಾಪ, ಅವನನ್ನ ಗೋಳು ಹೊಯ್ಕೋಬೇಡ ಕಣೇ," ಅಮ್ಮ ಮಂಚದಿಂದಲೇ ಗದರಿದರು. "ಬೇಗ ಹೆರೆದುಬಿಡಪ್ಪಾ."

ಅವನು ಉಜ್ಜುಗೊರಡು ತೆಗೆದವನು ಮತ್ತೆ ಕೆಳಗಿಟ್ಟ. ಆ ಮೂಲೆಯಲ್ಲಿ ಹೆರೆಯಲು ಇನ್ನು ಮರವೇ ಉಳಿದಿರಲಿಲ್ಲ.

"ಸ್ವಲ್ಪ ದಾರ ಕೊಡ್ತೀರಾ? ಕತ್ತರಿನೂ ಬೇಕು."

"ಬಡಗಿಗೆ ಹೊಲಿಗೆ ಹುಚ್ಚು ಯಾವಾಗ ಹಿಡೀತು?"

ಕೊಡುವಾಗ ಬೆರಳಿಗೆ ಬೆರಳು ತಾಗಿತು. ಕೈ ಹಿಂತೆಗೆಯಲು ಅವಳಿಗೆ ಅವಸರವಿದ್ದಂತೆ ಕಾಣಲಿಲ್ಲ.

ಅವನು ಕತ್ತರಿಯನ್ನು ದಾರಕ್ಕೆ ಕಟ್ಟಿ ಚೌಕಟ್ಟಿನ ಮೇಲಿನಿಂದ ಇಳಿಬಿಟ್ಟ. ತೂಗಾಟ ನಿಂತಿತು. ದಾರ ಮೇಲೆ ಚೌಕಟ್ಟಿಗೆ ಅಂಟಿಕೊಂಡಿತ್ತು. ಕೆಳಗೆ ಚೌಕಟ್ಟಿನಿಂದ ಅಂಗೈ ಅಗಲ ದೂರ.

"ಏನದು?" ಅವಳ ದನಿಯಲ್ಲಿ ನಗು ಆರಿಹೋಗಿತ್ತು.

ಹೇಳಿದರೆ ಇವರು ಬಯಲಿನಲ್ಲಿರುವ ಅವಳಣ್ಣನ ಊರಿಗೆ ಹೊರಟುಹೋಗುತ್ತಾರೆ. ಹೇಳದಿದ್ದರೆ ಮುಂದಿನ ವಾರ ಮತ್ತೆ ಫೋನ್ ಬರುತ್ತದೆ, ಬಂದರೆ.

"ಬಾಗಿಲದು ಏನೂ ತಪ್ಪಿಲ್ಲ. ಮನೆಯೇ ವಾಲ್ತಿದೆ. ಹಿಂದಿನ ಗುಡ್ಡ ಜಾರ್ತಾ ಇದೆ ಕಣ್ರೀ. ಇವತ್ತೇ ಹೊರಡಿ."

ಅಮ್ಮ ಇಳಿಬಿಟ್ಟ ಕತ್ತರಿಯನ್ನು ಒಮ್ಮೆ ನೋಡಿ, ಮಂಚದಿಂದ ಇಳಿದು ಬಟ್ಟೆ ಗಂಟು ಕಟ್ಟತೊಡಗಿದರು.

ಅವನು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಬಾಗಿಲನ್ನೇ ಕಿತ್ತು ಪಕ್ಕಕ್ಕಿಟ್ಟ. ಮಳೆ ನೇರ ಒಳಗೆ ಬಂತು. ಹೊರಗೆ ಹೋಗುವ ದಾರಿಯೂ ತೆರೆಯಿತು.

ಸಂಜೆ ಜೀಪಿಗೆ ಹೊಲಿಗೆ ಮಷೀನು ಹತ್ತಿಸಿದ್ದು ಅವನೇ.

"ನಮ್ಮ ಬಾಗಿಲು ಏನ್ಮಾಡ್ತೀರಿ?"

"ಅಂಗಡೀಲಿ ಇಟ್ಟಿರ್ತೀನಿ."

"ಅಷ್ಟೇನಾ?" ಅವಳು ಕಣ್ಣು ಕೆಳಗಿಳಿಸಲಿಲ್ಲ.

"ಅಲ್ಲೂ ಬಾಗಿಲು ಹಿಡಿದ್ರೆ ಫೋನ್ ಮಾಡಿ."

"ಅಣ್ಣನ ಮನೇದು ಕಬ್ಬಿಣದ ಬಾಗಿಲು," ಎಂದಳು.

ಇಬ್ಬರೂ ನಕ್ಕರು. ಅವಳು ಮೊದಲು ನಿಲ್ಲಿಸಿದಳು. ಜೀಪು ಹೊರಟಿತು.

ಆ ಮನೆಯಿದ್ದ ಜಾಗದಲ್ಲಿ ಈಗ ಬರೀ ಮಣ್ಣು. ಬಾಗಿಲು ಮಾತ್ರ ಅವನ ಅಂಗಡಿಯ ಗೋಡೆಗೆ ಒರಗಿಕೊಂಡಿದೆ.

ಹೋಗಬೇಡ, ನನ್ನ ಮನೆಗೆ ಬಾ ಎಂದು ಅವನು ಅವಳಿಗೆ ಹೇಳಲೇ ಇಲ್ಲ.