ದೀಪದ ಕಂಬದ ಪಕ್ಕದ ಹುಡುಗಿ

ಹೊಳೆಗೆ ಇನ್ನೂ ಅಣೆಕಟ್ಟು ಕಟ್ಟಿರದ ಕಾಲ. ಆ ವರ್ಷದ ಮಹಾಪೂರ ಹಂಪಿಯ ದಂಡೆಯ ಮೇಲಿದ್ದ ದೀಪದ ಕಂಬವನ್ನೇ ಎಳೆದೊಯ್ದಿತ್ತು.

ಹೂಗಾರರ ಅಕ್ಕನಾಗಮ್ಮ ಗುಡಿಯ ಮುಂದೆ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ತರುಣನೊಬ್ಬ ಬಂದು ನಿಂತ. ಹೂವು ಕೇಳಲಿಲ್ಲ.

"ನೀವು ಎಷ್ಟು ಎತ್ತರ ಅದೀರ್ರಿ?"

"ಯಾಕ್ರಿ, ಸಂತ್ಯಾಗ ಎತ್ತು ಕೊಳ್ಳಾಕ ಬಂದೀರೇನು?"

ಅವನ ಕಿವಿ ಕೆಂಪಾದವು. ಹೆಸರು ತೋಟಪ್ಪ, ಊರು ಕಂಪ್ಲಿ, ಹಳೆಯ ಗುಡಿಗಳ ಫೋಟೋ ತೆಗೆಯುವ ಸರಕಾರಿ ಕೆಲಸ. ಜೇಬಿನಿಂದ ಒಂದು ಫೋಟೋ ತೆಗೆದು ತೋರಿಸಿದ. ಕೊಚ್ಚಿಹೋದ ಆ ಕಂಬ. ಅದರ ಪಕ್ಕದಲ್ಲಿ ಹೂಬುಟ್ಟಿ ಹಿಡಿದು ನೆಟ್ಟಗೆ ನಿಂತವಳು ತಾನೇ!

"ಅದರಂಥದ್ದೇ ಹೊಸ ಕಂಬ ಕೆತ್ತಿಸಬೇಕ್ರಿ. ಅವತ್ತು ಈ ಫೋಟೋ ತೆಗೆಯೋವಾಗ ಪಕ್ಕಕ್ಕ ಅಳತೆಕೋಲು ಇಡೋದು ಮರ್ತೆ. ಫೋಟೋದಾಗ ಕಂಬ ನಿಮ್ಮ ಎರಡೂವರೆ ಪಟ್ಟು ಐತಿ. ನಿಮ್ಮ ಎತ್ತರ ಸಿಕ್ರ ಅದರದ್ದೂ ಸಿಕ್ತು."

ಅಕ್ಕನಾಗಮ್ಮ ತನ್ನೆತ್ತರದ ಬಾಳೆನಾರು ಹಿಡಿದು, ಹಾರಕ್ಕೆ ಹಾಕುವಂತೆ ಮೊಳ ಹಾಕಿದಳು. "ನಾಕು ಮೊಳ."

ವಾರ ಕಳೆಯುವುದರೊಳಗೆ ಪೆಚ್ಚುಮೋರೆ ಹೊತ್ತು ಮತ್ತೆ ಬಂದ.

"ಮೊಳಕ್ಕ ಒಂದೂವರೆ ಅಡಿ ಹಿಡದೆ. ನೀವು ಆರಡಿ ಆದ್ರಿ! ಅಂಥಾ ಹುಡುಗಿ ಎಲ್ಲಿ ಅದಾಳೋ ಅಂತ ಸಾಹೇಬ್ರು ನಕ್ರು. ಇನ್ನೊಮ್ಮೆ ತಪ್ಪಿದ್ರ ನನ್ನ ಬಳ್ಳಾರಿಗೆ ಕಳಿಸ್ತಾರಂತ."

"ಅಯ್ಯ, ಹೂವಿನೋರ ಮೊಳ ಅವರವರ ಕೈಯಷ್ಟು! ನಂದು ಗಿಡ್ಡ ಕೈ, ನೋಡ್ರಿ."

ಅವನು ನೋಡಿದ. ಅಳತೆಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ನೋಡಿದ. ಬಳೆಗಳು ಘಲ್ಲೆಂದು ಸೆರಗಿನೊಳಗೆ ಸರಿದವು.

ಈ ಸಲ ನಾರಿನ ಒಂದು ತುದಿಯನ್ನು ಹಿಮ್ಮಡಿಯಡಿ ಒತ್ತಿ, ಇನ್ನೊಂದನ್ನು ನೆತ್ತಿಗೆ ಹಿಡಿದಳು. ಆಗ ಎದೆಯಲ್ಲೊಂದು ಕಳ್ಳ ಆಸೆ ಮಿಸುಕಿತು. ಅಳತೆ ಸರಿಯಾದರೆ ಇವನ ಕೆಲಸ ಮುಗಿಯಿತು, ಮತ್ತೆ ಯಾಕೆ ಬರುತ್ತಾನೆ? ಮೊಣಕಾಲು ಒಂದಿಷ್ಟು ಬಗ್ಗಿಸಿದರೆ? ಆದರೆ ತಪ್ಪಿದರೂ ಇವನನ್ನು ದೂರ ಕಳಿಸುತ್ತಾರೆ. ಮೇಲಾಗಿ ಅದು ದೇವರ ದೀಪದ ಕಂಬ. 'ವಿರೂಪಾಕ್ಷಾ, ನಿನ್ನ ಚಿತ್ತ' ಎಂದುಕೊಂಡು ನೆಟ್ಟಗೆ ನಿಂತಳು.

ಅವನು ನಾರಿಗೆ ಅಳತೆಪಟ್ಟಿ ಹಿಡಿದ. "ಐದಡಿಗೆ ಒಂದಿಂಚು ಕಡಿಮಿ. ಕಂಬದ ಕೆಲಸ ಮುಗೀತ್ರಿ."

ಎಂದವನು ಹೋಗಲಿಲ್ಲ.

"ಮತ್ತ ನಿಂತೀರಲ್ಲ?"

"ನನ್ನ ಕೆಲಸ ಇನ್ನೂ ಐತ್ರಿ." ಅವನ ದನಿ ತಗ್ಗಿತು. "ಈ ಸಲ ಫೋಟೋ ತರಾಂಗಿಲ್ಲ. ನಮ್ಮವ್ವನ್ನ ಕರಕೊಂಡು ಬರ್ಲೇನ್ರಿ?"

ಅಕ್ಕನಾಗಮ್ಮ ಕೂತು, ಮಲ್ಲಿಗೆಗೆ ಗಂಟು ಹಾಕುತ್ತಾ ಹಾಕುತ್ತಾ, ತಲೆ ಎತ್ತದೆ ಹೇಳಿದಳು:

"ಸೋಮವಾರ ಬ್ಯಾಡ್ರಿ, ಅಪ್ಪಗ ಹೂವಿನ ಗದ್ದಲ. ಗುರುವಾರ ಬರ್ರಿ."