ಬೆಳಿಗ್ಗೆ ಹತ್ತಕ್ಕೊಂದು ಹೆಸರು

೨೦೨೫ರ ಜೂನ್ ೧೭, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಶಾಮಲಾ ಜಹೀರಾಬಾದ್ ಠಾಣೆಯ ಮೆಟ್ಟಿಲು ಹತ್ತಿದಳು. ಮನೆಯಲ್ಲೇ ಕೂತು ಹಣೆಗೆ ಹಚ್ಚುವ ಟಿಕಳಿ ಪ್ಯಾಕಿಂಗ್ ಮಾಡಿ, ಕೈತುಂಬ ಗಳಿಸಿ ಎಂದು ಫೇಸ್‌ಬುಕ್ ಪೇಜಿನಲ್ಲಿ ಹೆಂಗಸರನ್ನು ಕರೆಯುವುದು ಆಕೆಯ ವ್ಯಾಪಾರ. ಆ ಪೇಜನ್ನೇ ಐದು ದಿನಗಳ ಹಿಂದೆ ಯಾರೋ ಕಸಿದುಕೊಂಡಿದ್ದರು. ದಿನಾ ಹತ್ತು ಗಂಟೆಗೆ ಅದರಲ್ಲಿ ಒಂದು ಬರಹ ಬೀಳುತ್ತಿತ್ತು: "ಇಂದಿನ ಹೆಸರು, ಕಲ್ಹೇರಿನ ಪೋಚಮ್ಮ. ಈಕೆಯಿಂದ ನಾನು ನೋಂದಣಿ ಹಣ ತೆಗೆದುಕೊಂಡು ಮೋಸ ಮಾಡಿದೆ. ಇಂತಿ, ಶಾಮಲಾ."

ಇನ್‌ಸ್ಪೆಕ್ಟರ್ ಜೈಪಾಲ ದೂರು ಬರೆಸಿಕೊಂಡು ಐಟಿ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿದ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವನು ಕಣ್ಣೀರು ಬಹಳ ಕಂಡಿದ್ದ. ಈಕೆಯದು ಕಣ್ಣಿನ ಕಾಡಿಗೆ ಕೆಡದಷ್ಟು ಜಾಣತನದ ಅಳು.

"ಬರೆದದ್ದು ಖರೇನೋ ಸುಳ್ಳೋ?"

"ಸುಳ್ಳ ಅದರಿ ಸಾಬ್."

"ಓಟಿಪಿ ಯಾರಿಗಾದರೂ ಹೇಳೀರೇನು? ಲಿಂಕ್ ಒತ್ತೀರೇನು?"

"ಇಲ್ಲರಿ."

"ಪೇಜ್ ಮಾಡಿದವರು ಯಾರು?"

ಶಾಮಲಾ ಸೆರಗು ಸರಿಮಾಡಿಕೊಂಡಳು. "ಸ್ವರೂಪಾ ಅಂತ, ನನ್ನ ಹಂತ್ಯಾಕ ಕೆಲಸಕ್ಕ ಇದ್ದಳ್ರಿ. ನನಗ ಇಮೇಲ್ ಇರಲಿಲ್ಲ. ಆಕಿ ಇಮೇಲೇ ಹಾಕಿದ್ದೆವು."

ಜೈಪಾಲ ಪೆನ್ನು ಕೆಳಗಿಟ್ಟ. ಆ ಕೆಲಸದವಳನ್ನು ವರ್ಷದ ಹಿಂದೆಯೇ ಬಿಡಿಸಿದ್ದಳಂತೆ, ಆದರೆ ಪೇಜಿನ ಇಮೇಲ್ ಬದಲಿಸಬೇಕೆಂಬುದು ಹೊಳೆದಿರಲಿಲ್ಲ. ಮನೆಯಿಂದ ಹೊರಹಾಕಿದವಳ ಕೈಯಲ್ಲೇ ಮನೆಯ ಕೀಲಿ ಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಅವನು ಮಹಿಳಾ ಕಾನ್ಸ್‌ಟೇಬಲ್ ಧಮ್ಮಶೀಲಾಳೊಂದಿಗೆ ನಾರಾಯಣಖೇಡ ದಾಟಿ ಕಲ್ಹೇರಿಗೆ ಹೋದ. ಪೇಜಿನಲ್ಲಿ ಬಂದ ಹೆಸರುಗಳೆಲ್ಲ ಖರೆಯಾಗಿದ್ದವು. ಪೋಚಮ್ಮ ಮೊದಲ ಕಂತಿನ ಟಿಕಳಿ ಹಾಳೆಗೆ ಅಂಟಿಸಿ ಕಳಿಸಿದ್ದಳು. ಕೆಲಸ ಸರಿಯಿಲ್ಲ ಎಂದು ಸಬೂಬು ಹೇಳಿ ಶಾಮಲಾ ನೋಂದಣಿ ಹಣವನ್ನೇ ನುಂಗಿದ್ದಳು. ಕೆಲಸ ಕೊಡುವವರು ಮೊದಲು ದುಡ್ಡು ಕೇಳಿದರೆ ಅಲ್ಲಿಂದಲೇ ಎದ್ದು ಬರಬೇಕು ಎಂದು ಧಮ್ಮಶೀಲಾ ಹೆಂಗಸರಿಗೆ ತಿಳಿಸಿ ಹೇಳಿದಳು. ಪೋಚಮ್ಮನ ದೂರನ್ನು ಜೈಪಾಲ ಅಲ್ಲಿಯೇ ಬರೆಸಿಕೊಂಡ.

ಇದಕ್ಕೆ ಸೇರಿಸಿದವರು ಯಾರು ಎಂದರೆ ಎಲ್ಲರೂ ತೋರಿಸಿದ್ದು ಒಂದೇ ಮನೆ. ಅದು ಸ್ವರೂಪಾಳ ತಾಯಿ ಅಮೃತಬಾಯಿಯದು. ಬುದ್ಧವಿಹಾರದಲ್ಲಿ ಇಪ್ಪತ್ತು ವರ್ಷ ವಂದನೆ ಹೇಳಿಕೊಟ್ಟವಳು. ಮಗಳ ಮಾತು ನಂಬಿ ಮನೆಮನೆಗೆ ಹೋಗಿ ಹೆಂಗಸರನ್ನು ಒಪ್ಪಿಸಿದ್ದಳು.

"ಬುದ್ಧ ಪೂರ್ಣಿಮಾ ದಿನ ವಂದನಾ ಸುರು ಮಾಡಿದೆರಿ," ಎಂದಳು. "ನನ್ನ ಹಿಂದ ಒಬ್ಬಾಕಿನೂ ಹೇಳಲಿಲ್ಲ. ಅಷ್ಟೂ ಮಂದಿ ಸುಮ್ಮ ಕುಂತಿದ್ದರು. ನಾನೊಬ್ಬಾಕೀನೇ ಮುಗಿಸಿ ಬಂದೆ. ಮತ್ತ ಹೋಗಿಲ್ಲ."

ಧಮ್ಮಶೀಲಾ ಮುಖ ತಿರುಗಿಸಿದಳು. ತನ್ನೂರಿನ ವಿಹಾರ ಆಕೆಗೆ ನೆನಪಾಗಿರಬೇಕು. ಮಗಳು ಈಗ ತಾಂಡೂರಿನಲ್ಲಿ ಝೆರಾಕ್ಸ್ ಅಂಗಡಿಯ ಕೆಲಸದಲ್ಲಿದ್ದಾಳೆ ಎಂದು ಅಮೃತಬಾಯಿ ಮುಚ್ಚುಮರೆಯಿಲ್ಲದೆ ಹೇಳಿದಳು.

ಸಂಜೆ ಶಾಮಲಾಳ ಮೇಲೆ ವಂಚನೆಯ ಎರಡನೇ ಎಫ್‌ಐಆರ್ ದಾಖಲಾಯಿತು. ಜೂನ್ ೨೦ರ ಮಧ್ಯಾಹ್ನ ಮೂರೂವರೆಗೆ ಜೈಪಾಲ ಧಮ್ಮಶೀಲಾಳೊಂದಿಗೆ ತಾಂಡೂರಿನ ಅಂಗಡಿಗೆ ಕಾಲಿಟ್ಟ. ಸ್ವರೂಪಾ ಕೈಲಿದ್ದ ಕಾಗದ ಮುಗಿಸಿ, ಗಿರಾಕಿಗೆ ಕೊಟ್ಟು, ಆಮೇಲೆ ತಿರುಗಿದಳು. ಪಂಚನಾಮೆಗೆ ಅಂಗಡಿಯ ಮಾಲೀಕ ಕಾಶಿರಾಮ ಒಬ್ಬ ಸಾಕ್ಷಿಯಾದ, ಪಕ್ಕದ ಅಂಗಡಿಯವನು ಇನ್ನೊಬ್ಬ.

"ಪೇಜ್ ಹ್ಯಾಕ್ ಮಾಡಿದ್ದು ನೀನೇನು?"

"ಹ್ಯಾಕ್ ಯಾಕ ಮಾಡಲಿ ಸಾಬ್? ಇಮೇಲ್ ನಂದೇ ಇತ್ತು. ಪಾಸ್‌ವರ್ಡ್ ಬದಲಿ ಮಾಡಿದೆ, ಅಷ್ಟೇ."

"ಒಂದು ವರ್ಷ ಸುಮ್ಮ ಇದ್ದಿ. ಈಗ ಯಾಕ?"

"ನಮ್ಮವ್ವನ ದನಿಗೆ ಯಾರೂ ದನಿ ಕೂಡಿಸಲಿಲ್ಲ." ಅವಳ ಧ್ವನಿ ಏರಲಿಲ್ಲ. "ಹೆಸರು ಒಟ್ಟು ಮಾಡಾಕ ಒಂದು ತಿಂಗಳಾತು. ಶಾಮಲಾ ಕೂಗಿದರ ಈ ಸೀಮ್ಯಾಗ ಒಬ್ಬರೂ ಓ ಅನಬಾರದು. ಅದು ಆಗೂ ತನಕ ನನಗ ನಿದ್ದಿ ಇಲ್ಲ. ಜೈಲಿಗೆ ಹಾಕಿದರ ಹಾಕ್ರಿ."

ಜೈಪಾಲನಿಗೆ ಒಳಗೊಳಗೇ ಖುಷಿಯಾಯಿತು. ಪಂಚನಾಮೆಯಲ್ಲಿ ಖುಷಿ ಬರೆಯಲು ಜಾಗವಿಲ್ಲ. ಬಂಧನದ ಸಮಯ ನಾಲ್ಕು ಹತ್ತು ಎಂದು ಬರೆದು, ಫೋನ್ ಜಪ್ತಿ ಮಾಡಿದ.

ಜಪ್ತಿಗೆ ಮುನ್ನ ಫೋನ್ ತೆರೆದಾಗ, ಮರುದಿನ ಹತ್ತಕ್ಕೆ ತಾನಾಗಿಯೇ ಹೋಗುವಂತೆ ಇಟ್ಟ ಕೊನೆಯ ಬರಹ ಸಿಕ್ಕಿತು. ಅದು ಶಾಮಲಾಳ ಮಾತಿನಲ್ಲಿರಲಿಲ್ಲ.

"ಇಂದಿನ ಹೆಸರು, ಸ್ವರೂಪಾ. ಮೋಸ ಹೋದವಳಲ್ಲ. ಮೋಸ ಅಂತ ಗೊತ್ತಾದ ಮೇಲೂ ಎರಡು ತಿಂಗಳು ಬಾಯಿ ಮುಚ್ಚಿಕೊಂಡು, ಸೇರಿಸಿದ ಹೆಸರಿಗೆ ನೂರು ರೂಪಾಯಿಯಂತೆ ಶಾಮಲಾಳಿಂದ ತೆಗೆದುಕೊಂಡವಳು. ಅವ್ವನನ್ನು ಮನೆಮನೆಗೆ ಕಳಿಸಿದವಳು. ಅವ್ವನಿಗೆ ಏನೂ ಗೊತ್ತಿರಲಿಲ್ಲ."

ಧಮ್ಮಶೀಲಾ ಓದಿ ತಲೆಯೆತ್ತಿದಳು. ಇದನ್ನು ತೆಗೆಯಲೇ ಎಂಬುದು ಆಕೆಯ ಕಣ್ಣಲ್ಲಿತ್ತು.

"ಸಾಕ್ಷಿ ಅದ. ಮುಟ್ಟಬ್ಯಾಡ," ಎಂದ ಜೈಪಾಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಆ ಬರಹ ಪೇಜಿನಲ್ಲಿ ಬಿತ್ತು. ಹನ್ನೊಂದಕ್ಕೆ ಶಾಮಲಾಳನ್ನೂ ಠಾಣೆಗೆ ಕರೆತಂದರು. ಸಂಜೆ ಕಲ್ಹೇರಿನಿಂದ ಪೋಚಮ್ಮನ ಫೋನ್ ಬಂತು. ಆ ಬರಹ ಓದಿ ಹೆಂಗಸರೆಲ್ಲ ಅಮೃತಬಾಯಿಯ ಮನೆಗೆ ಹೋಗಿ, ಆಕೆಯನ್ನು ವಿಹಾರಕ್ಕೆ ಕರೆದುಕೊಂಡು ಬಂದಿದ್ದರಂತೆ. ಮಗಳು ಬರೆದದ್ದು ಕೇಳಿದ್ದ ಆಕೆ ಅವರ ಎದುರಿಗೆ ಕೂತಳಂತೆ. ಎಲ್ಲರೂ ಕಾದರೂ ಆಕೆಯ ಬಾಯಿಯಿಂದ ವಂದನೆಯ ಒಂದು ಅಕ್ಷರ ಹೊರಡಲಿಲ್ಲವಂತೆ.

ಜೈಪಾಲ ಆ ಸಂಗತಿಯನ್ನು ಸ್ವರೂಪಾಳಿಗೆ ಹೇಳಲಿಲ್ಲ. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಸೇಡು ಎಂದಷ್ಟೇ ಬರೆದು ಸಹಿ ಮಾಡಿದ.